ಅರಿಸಿನದ ಹೊಳಪು ಎಣ್ಣೆಯಲ್ಲೊಂದು, ಸ್ಪಿರಿಟ್‌ನಲ್ಲೊಂದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅರಿಸಿನದ ಪುಡಿಯನ್ನು ಒಂದು ಲೋಟದಲ್ಲಿ ಸರ್ಜಿಕಲ್ ಸ್ಪಿರಿಟ್‌ಗೂ ಇನ್ನೊಂದರಲ್ಲಿ ಚಳ್ಳಕೆರೆಯಿಂದ ತಂದ ಶೇಂಗಾ ಎಣ್ಣೆಗೂ ಹಾಕಿ, ಕದಡಿ, ಸೋಸಿ, ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚ್ ಹಿಡಿದು ಮಕ್ಕಳಿಗೆ ತೋರಿಸಿದೆ. ಬರಿಗಣ್ಣಿಗೆ ಎರಡೂ ಹಳದಿಯೇ. ಟಾರ್ಚ್ ಬೆಳಕಿನಲ್ಲಿ ಮಾತ್ರ ಎಣ್ಣೆಯದು ಹಸಿರಾಗಿ, ಸ್ಪಿರಿಟ್‌ನದು ಹಳದಿಗೆ ವಾಲಿದ ಹಸಿರಾಗಿ ಹೊಳೆಯಿತು. ಆರತಿಯ ಓಕುಳಿಯಲ್ಲಿ ಸುಣ್ಣ ಬೆರೆತಾಗ ಅರಿಸಿನ ಕೆಂಪಾಗುವುದೂ ಇದೇ ಕಾರಣಕ್ಕೋ?
— ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ

ಉತ್ತರ: ಓಕುಳಿಯ ಮಾತನ್ನು ಮೊದಲು ಬಗೆಹರಿಸೋಣ, ಏಕೆಂದರೆ ಅದರ ಕಾರಣ ಬೇರೆ. ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಅಣುವಿನಿಂದ ಸುಣ್ಣವು ಪ್ರೋಟಾನನ್ನು ಕಿತ್ತುಕೊಳ್ಳುತ್ತದೆ. ಅಲ್ಲಿ ಅಣುವಿನ ರೂಪವೇ ಬದಲಾಗುತ್ತದೆ. ಓಕುಳಿಗೆ ನಿಂಬೆರಸ ಹಿಂಡಿದರೆ ಪ್ರೋಟಾನು ಮರಳಿ ಸೇರಿ ಹಳದಿಯೂ ಮರಳುತ್ತದೆ. ತಾವು ಟಾರ್ಚ್ ಹಿಡಿದು ಕಂಡದ್ದರಲ್ಲಿ ಅಣು ಅದೇ, ಅದರ ನೆರೆಹೊರೆ ಮಾತ್ರ ಬೇರೆ. ಈ ಎರಡನ್ನೂ ಒಂದೇ ಎಂದು ಮಕ್ಕಳಿಗೆ ಹೇಳದಿರುವುದು ಬಹಳ ಮುಖ್ಯ.

ಅಣು ಬೆಳಕನ್ನು ಹೀರಿಕೊಂಡಾಗ ಅದರ ಎಲೆಕ್ಟ್ರಾನುಗಳ ಹಂಚಿಕೆ ಬದಲಾಗುತ್ತದೆ. ಕರ್ಕ್ಯುಮಿನ್‌ನಂಥ ಅನೇಕ ವರ್ಣದ್ರವ್ಯಗಳಲ್ಲಿ ಹೀಗೆ ಉತ್ತೇಜಿತವಾದ ಸ್ಥಿತಿಯ ದ್ವಿಧ್ರುವತೆ, ಅಂದರೆ ಅಣುವಿನ ಒಂದು ಪಕ್ಕ ಧನ ಮತ್ತೊಂದು ಪಕ್ಕ ಋಣವಾಗುವ ಪ್ರಮಾಣ, ಮೊದಲಿಗಿಂತ ಹೆಚ್ಚು. ಆದರೆ ಹೀರಿಕೆಯು ಕೆಲವೇ ಫೆಮ್ಟೋಸೆಕೆಂಡುಗಳಲ್ಲಿ (ಒಂದು ಫೆಮ್ಟೋಸೆಕೆಂಡು ಎಂದರೆ ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲೊಂದು ಭಾಗ) ಮುಗಿದುಹೋಗುತ್ತದೆ, ಅಷ್ಟರೊಳಗೆ ಸುತ್ತಲಿನ ದ್ರಾವಕದ ಅಣುಗಳು ಕದಲಲಾರವು. ತುಂಬಿದ ಬಸ್ಸಿನಲ್ಲಿ ನಿಂತವರೊಬ್ಬರು ಹೆಗಲ ಚೀಲವನ್ನು ಎಡದಿಂದ ಬಲಕ್ಕೆ ಥಟ್ಟನೆ ಬದಲಾಯಿಸಿದರೆ, ಆ ಕ್ಷಣದಲ್ಲಿ ಅಕ್ಕಪಕ್ಕದವರು ನಿಂತಂತೆಯೇ ಇರುತ್ತಾರೆ. ಸರಿದು ಜಾಗ ಮಾಡಿಕೊಡುವುದು ಸ್ವಲ್ಪ ಹೊತ್ತಿನ ಮೇಲೆ. ದ್ರಾವಕದ ಅಣುಗಳೂ ಹಾಗೆಯೇ. ಸ್ಪಿರಿಟ್‌ನಲ್ಲಿ ಸಾಮಾನ್ಯವಾಗಿ ಇರುವ ಆಲ್ಕೊಹಾಲ್ ಆದ ಎಥೆನಾಲ್‌ನಲ್ಲಿ ಅವು ತಿರುಗಿ ಹೊಂದಿಕೊಳ್ಳಲು ಕೆಲವು ಪಿಕೋಸೆಕೆಂಡಿನಿಂದ ಕೆಲವು ಹತ್ತು ಪಿಕೋಸೆಕೆಂಡು ಹಿಡಿಯುತ್ತದೆ, ಒಂದು ಪಿಕೋಸೆಕೆಂಡು ಎಂದರೆ ಸಾವಿರ ಫೆಮ್ಟೋಸೆಕೆಂಡು. ಉತ್ತೇಜಿತ ಕರ್ಕ್ಯುಮಿನ್ ಬೆಳಕನ್ನು ಹೊರಚೆಲ್ಲುವ ಮುನ್ನ ನೂರಾರು ಪಿಕೋಸೆಕೆಂಡು ಇರಬಲ್ಲದಾದ್ದರಿಂದ, ಹೊಂದಿಕೊಳ್ಳಲು ದ್ರಾವಕಕ್ಕೆ ಸಮಯ ಸಾಕಾಗುತ್ತದೆ. ಹೊಂದಿಕೊಂಡಷ್ಟೂ ಉತ್ತೇಜಿತ ಸ್ಥಿತಿಯ ಶಕ್ತಿ ಇಳಿಯುತ್ತದೆ, ಹೊರಬರುವ ಬೆಳಕು ಕೆಂಪಿನ ಕಡೆಗೆ ಸರಿಯುತ್ತದೆ.

ಎಷ್ಟು ಸರಿಯುತ್ತದೆ ಎಂಬುದು ದ್ರಾವಕದ ಧ್ರುವೀಯತೆಗೆ, ಅಂದರೆ ಅದರ ಅಣುಗಳಲ್ಲಿ ಧನ, ಋಣ ಪಕ್ಕಗಳು ಎಷ್ಟು ಬೇರ್ಪಟ್ಟಿವೆ ಎಂಬುದಕ್ಕೆ ಬಿಟ್ಟದ್ದು. ಇದನ್ನು ಅಳೆಯುವ ಒಂದು ಒರಟು ಅಳತೆ ಡೈಎಲೆಕ್ಟ್ರಿಕ್ ಸ್ಥಿರಾಂಕ: ಹೆಕ್ಸೇನ್‌ಗೆ 1.9, ಅಡುಗೆ ಎಣ್ಣೆಗಳಿಗೆ 3ರ ಆಸುಪಾಸು, ಎಥೆನಾಲ್‌ಗೆ ಸುಮಾರು 24, ನೀರಿಗೆ ಸುಮಾರು 80. ಕರ್ಕ್ಯುಮಿನ್‌ನ ಹೀರಿಕೆಯ ಶೃಂಗವು (ಅತಿ ಹೆಚ್ಚು ಬೆಳಕು ಹೀರುವ ತರಂಗದೂರ, ಇದು ಹೆಚ್ಚಿದಷ್ಟೂ ಕೆಂಪಿನ ಕಡೆಗೆ) ಹೆಕ್ಸೇನ್‌ನಂತೆಯೇ ಧ್ರುವೀಯತೆ ತೀರಾ ಕಡಿಮೆ ಇರುವ ಸೈಕ್ಲೋಹೆಕ್ಸೇನ್‌ನಿಂದ ಆಲ್ಕೊಹಾಲ್‌ಗೆ ಬಂದಾಗ 410ರ ಆಸುಪಾಸಿನಿಂದ 430 ನ್ಯಾನೋಮೀಟರ್‌ವರೆಗೆ ಮಾತ್ರ ಸರಿದರೆ, ಪ್ರತಿದೀಪ್ತಿಯ, ಅಂದರೆ ಅಣು ಹೊರಚೆಲ್ಲುವ ಬೆಳಕಿನ, ಶೃಂಗವು 450ರ ಆಸುಪಾಸಿನಿಂದ 540ರ ಆಸುಪಾಸಿಗೆ ಜಿಗಿಯುತ್ತದೆ. ಬರಿಗಣ್ಣಿಗೆ ಎರಡೂ ಹಳದಿಯಾಗಿ ಕಂಡು ಟಾರ್ಚ್ ಬೆಳಕಿನಲ್ಲಿ ಮಾತ್ರ ಬೇರೆಯಾಗಿ ತೋರಿದ್ದು ಇದರಿಂದಲೇ, ಮತ್ತು ತಮ್ಮ ಪ್ರಯೋಗದ ಸೊಗಸು ಇರುವುದೂ ಇಲ್ಲಿಯೇ.

ಮುಂದಿನ ಸಲ ಅರಿಸಿನವಿಲ್ಲದ ಬರೀ ಎಣ್ಣೆಗೂ ಟಾರ್ಚ್ ಹಿಡಿಯಿರಿ, ಎಣ್ಣೆಗೆ ತನ್ನದೇ ಹೊಳಪಿರಬಹುದು. ದ್ರಾವಣವನ್ನು ತೆಳುವಾಗಿಡಿ, ಗಟ್ಟಿಯಾದರೆ ಹೊರಬಂದ ಬೆಳಕನ್ನು ಅದೇ ದ್ರಾವಣ ಮತ್ತೆ ಹೀರಿ ಬಣ್ಣವನ್ನು ಕೆಡಿಸುತ್ತದೆ. ಸ್ಪಿರಿಟ್‌ನ ಬಳಿ ಬೆಂಕಿ ಬೇಡ, ಟಾರ್ಚ್ ಯಾವ ಮಗುವಿನ ಕಣ್ಣಿಗೂ ಬೀಳಬಾರದು.

ಪ್ರಶ್ನೆ: ದ್ರಾವಕದ ಧ್ರುವೀಯತೆ ಹೆಚ್ಚಿದಂತೆಲ್ಲ ಬಣ್ಣ ಕೆಂಪಿನ ಕಡೆಗೇ ಸರಿಯುತ್ತದೆಯೇ?
— ಓದುಗರು, ಚಿತ್ರದುರ್ಗ

ಉತ್ತರ: ಇಲ್ಲ. ಅಸಿಟೋನ್‌ನ ಅತಿನೇರಳೆ ಹೀರಿಕೆ ಹೆಕ್ಸೇನ್‌ನಲ್ಲಿ 279 ನ್ಯಾನೋಮೀಟರ್ ಇದ್ದದ್ದು ನೀರಿನಲ್ಲಿ 264.5ಕ್ಕೆ, ಅಂದರೆ ಕೆಂಪಿನಿಂದ ದೂರಕ್ಕೆ, ಇಳಿಯುತ್ತದೆ. ಇದಕ್ಕಿಂತ ಬೆರಗಾಗಿಸುವಂಥದು ಜರ್ಮನಿಯ ಡಿಮ್ರೋತ್ ಮತ್ತು ರೈಖಾರ್ಟ್ 1963ರಲ್ಲಿ ಪ್ರಕಟಿಸಿದ ಬೀಟೇನ್ ವರ್ಣದ್ರವ್ಯ. ದ್ರಾವಕದ ಧ್ರುವೀಯತೆ ಇಳಿಯುವ ಕ್ರಮದಲ್ಲಿ ಹೇಳಿದರೆ, ಅದು ಮೆಥನಾಲ್‌ನಲ್ಲಿ ಕೆಂಪು, ಎಥೆನಾಲ್‌ನಲ್ಲಿ ನೇರಳೆ, ಅಸಿಟೋನ್‌ನಲ್ಲಿ ಹಸಿರು. ಕಣ್ಣಿಗೆ ಕಾಣುವುದು ಹೀರಿಕೆಯಾಗದೆ ಉಳಿದ ಬಣ್ಣ, ಹೀರಿಕೆಯ ಶೃಂಗಗಳು ಕ್ರಮವಾಗಿ ಸುಮಾರು 515, 550 ಮತ್ತು 677 ನ್ಯಾನೋಮೀಟರ್. ಈ ಅಣುವಿನಲ್ಲಿ ಮೂಲ ಸ್ಥಿತಿಯ ದ್ವಿಧ್ರುವತೆಯೇ ಹೆಚ್ಚು, ಉತ್ತೇಜಿತ ಸ್ಥಿತಿಯದು ಕಡಿಮೆ. ಆದ್ದರಿಂದ ಧ್ರುವೀಯ ದ್ರಾವಕವು ಕೆಳಗಿನ ಸ್ಥಿತಿಯನ್ನೇ ಹೆಚ್ಚು ಕೆಳಗಿಳಿಸಿ ಎರಡರ ನಡುವಿನ ಅಂತರವನ್ನು ಹಿಗ್ಗಿಸುತ್ತದೆ. ದ್ರಾವಕಗಳ ಧ್ರುವೀಯತೆಯನ್ನು ಅಳೆಯಲು ಈ ಬಣ್ಣವನ್ನೇ ಅಳತೆಗೋಲಾಗಿ ಇಂದಿಗೂ ಬಳಸುತ್ತಾರೆ.

ಪ್ರಶ್ನೆ: ಕೂಮರಿನ್ ಬಣ್ಣವೊಂದರ ಸ್ಟೋಕ್ಸ್ ಪಲ್ಲಟಕ್ಕೆ ಲಿಪರ್ಟ್–ಮಟಾಗಾ ನಕ್ಷೆ ಬರೆದಿದ್ದೇನೆ. ಟಾಲ್ಯೂನ್, ಈಥೈಲ್ ಅಸಿಟೇಟ್, ಅಸಿಟೊನೈಟ್ರೈಲ್ ಒಂದೇ ಗೆರೆಯಲ್ಲಿ ಬಂದರೂ ಮೆಥನಾಲ್ ಮತ್ತು ಎಥೆನಾಲ್ ಗೆರೆಯಿಂದ ಬಹಳ ಮೇಲೆ ಬಿದ್ದಿವೆ. ಅವನ್ನು ಕೈಬಿಡಬಹುದೇ?
— ಎಂ.ಎಸ್ಸಿ. ವಿದ್ಯಾರ್ಥಿ, ತೋಳಹುಣಸೆ

ಉತ್ತರ: ದಯವಿಟ್ಟು ಕೈಬಿಡಬೇಡಿ. (ಉಳಿದ ಓದುಗರಿಗೆ: ಹೀರಿಕೆಯ ಶೃಂಗಕ್ಕೂ ಪ್ರತಿದೀಪ್ತಿಯ ಶೃಂಗಕ್ಕೂ ಇರುವ ಅಂತರವೇ ಸ್ಟೋಕ್ಸ್ ಪಲ್ಲಟ, ಅದು ದ್ರಾವಕದ ಧ್ರುವೀಯತೆಯೊಂದಿಗೆ ಹೇಗೆ ಬದಲಾಗುತ್ತದೆ ಎಂದು ತೋರಿಸುವುದು ಲಿಪರ್ಟ್–ಮಟಾಗಾ ನಕ್ಷೆ.) 1950ರ ದಶಕದ ನಡುವೆ ಬಂದ ಆ ಸಮೀಕರಣವು ದ್ರಾವಕವನ್ನು ಡೈಎಲೆಕ್ಟ್ರಿಕ್ ಸ್ಥಿರಾಂಕ ಮತ್ತು ವಕ್ರೀಭವನ ಸೂಚ್ಯಂಕ ಮಾತ್ರ ಇರುವ ಏಕರೂಪದ ಮಾಧ್ಯಮವೆಂದು ಭಾವಿಸುತ್ತದೆ. ಆಲ್ಕೊಹಾಲ್ ಹಾಗಲ್ಲ, ಅದು ತಮ್ಮ ಅಣುವಿನ ಕಾರ್ಬೊನಿಲ್ ಆಕ್ಸಿಜನ್‌ಗೆ ಹೈಡ್ರೋಜನ್ ಬಂಧದಿಂದ ನೇರವಾಗಿ ಕೈಜೋಡಿಸುತ್ತದೆ. ಗೆರೆಯಿಂದ ಎಷ್ಟು ದೂರ ಬಿದ್ದಿದೆ ಎಂಬುದೇ ಆ ಬಂಧದ ಸುಳಿವು, ನನ್ನ ದೃಷ್ಟಿಯಲ್ಲಿ ತಮ್ಮ ಪ್ರಾಜೆಕ್ಟ್‌ನ ಅತ್ಯಂತ ಬೆಲೆಯುಳ್ಳ ಬಿಂದುಗಳು ಅವೇ. ಗೆರೆಯನ್ನು ಉಳಿದ ದ್ರಾವಕಗಳಿಗೆ ಮಾತ್ರ ಎಳೆದು, ಆಲ್ಕೊಹಾಲ್‌ಗಳನ್ನು ಅದೇ ನಕ್ಷೆಯಲ್ಲಿ ಬೇರೆ ಗುರುತಿನಿಂದ ತೋರಿಸಿ. ದ್ರಾವಕಗಳ ಸಂಖ್ಯೆ ಸಾಕಷ್ಟಿದ್ದರೆ, ಧ್ರುವೀಯತೆ, ಹೈಡ್ರೋಜನ್ ಕೊಡುವ ಗುಣ, ಪಡೆಯುವ ಗುಣ ಇವನ್ನು ಬಿಡಿಬಿಡಿಯಾಗಿ ಎಣಿಸುವ ಕಾಮ್ಲೆಟ್–ಟಾಫ್ಟ್ ವಿಧಾನವನ್ನೂ ಪ್ರಯತ್ನಿಸಿ. ಡಯಾಕ್ಸೇನ್ ಬಳಸಿದ್ದರೆ ಅದೂ ಗೆರೆ ಬಿಟ್ಟು ನಿಲ್ಲಬಹುದು, ಸ್ಥಿರಾಂಕ 2.2 ಮಾತ್ರವಿದ್ದರೂ ಅದರ ನಡತೆ ಹೆಚ್ಚು ಧ್ರುವೀಯ ದ್ರಾವಕದಂತಿರುತ್ತದೆ.

ಪಲ್ಲಟವನ್ನು ನ್ಯಾನೋಮೀಟರ್‌ನಲ್ಲಿ ಕಳೆಯದೆ, ಎರಡೂ ಶೃಂಗಗಳನ್ನು ತರಂಗಸಂಖ್ಯೆಗೆ (ಒಂದು ಸೆಂಟಿಮೀಟರ್‌ನಲ್ಲಿ ಹಿಡಿಯುವ ತರಂಗಗಳ ಎಣಿಕೆ) ಬದಲಿಸಿ ಕಳೆಯಬೇಕು. ಅಸಿಟೋನ್ 330 ನ್ಯಾನೋಮೀಟರ್‌ಗಿಂತ ಕೆಳಗಿನ ಬೆಳಕನ್ನು ತಾನೇ ನುಂಗುವುದರಿಂದ, ಆ ಭಾಗದ ಹೀರಿಕೆ ಬೇಕಿದ್ದರೆ ಬೇರೆ ದ್ರಾವಕವನ್ನು ಆರಿಸಿಕೊಳ್ಳಿ.