ಎಲೈಸಾ ರಕ್ತಪರೀಕ್ಷೆ ನೆಗೆಟಿವ್ ಬಂದರೂ ಕಜ್ಜಿ ಇರಬಹುದು
ಹೊಸದಾಗಿ ತಂದ ಹಂದಿಗಳು ಮೂರು ವಾರದಿಂದ ಗೋಡೆಗೆ ಮೈ ಉಜ್ಜುತ್ತಿವೆ, ಎಲೈಸಾ ಮಾತ್ರ ನೆಗೆಟಿವ್, ಹಾಗಾದರೆ ಕಜ್ಜಿ ಇಲ್ಲ ಅಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ಅಷ್ಟು ಬೇಗ ನಂಬಬೇಡಿ. ಈ ರಕ್ತಪರೀಕ್ಷೆ ಕಜ್ಜಿ ತರುವ ನುಸಿಯನ್ನೇ ಹುಡುಕುವುದಿಲ್ಲ, ಅದರ ವಿರುದ್ಧ ಮೈಯಲ್ಲಿ ಹುಟ್ಟುವ ಪ್ರತಿಕಾಯವನ್ನು ಹುಡುಕುತ್ತದೆ. ನುಸಿ ಹತ್ತಿದ ಮೇಲೆ ಈ ಪ್ರತಿಕಾಯ ರಕ್ತದಲ್ಲಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 5-7 ವಾರ ಬೇಕು. ಔಷಧಿಗೆ ನುಸಿ ಸತ್ತ ಮೇಲೂ ತಿಂಗಳುಗಟ್ಟಲೆ ಪಾಸಿಟಿವ್ ಬರಬಹುದು. ಒಂದು ಹಂದಿಗಿಂತ ಇಡೀ ಹಿಂಡಿನ ಸ್ಥಿತಿ ತಿಳಿಯಲು ಇದು ಜಾಸ್ತಿ ಉಪಯೋಗ.

ಮೊದಲು ಕಿವಿ ನೋಡಿ. ದೊಡ್ಡ ಹಂದಿಗಳ ಕಿವಿಯೊಳಗೆ ಬೂದು ಬಣ್ಣದ ಒಣ ಹಕ್ಕಳೆ ಇದ್ದರೆ, ಅದನ್ನು ಪಶುವೈದ್ಯರಿಂದ ಕೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಅಲ್ಲಿ ನುಸಿ ಸಿಕ್ಕರೆ ರಕ್ತದ ರಿಪೋರ್ಟ್ ಏನೇ ಹೇಳಲಿ, ಇಡೀ ಹಿಂಡಿಗೆ ಚಿಕಿತ್ಸೆ ಶುರು ಮಾಡಿಸಿ.