ಬೋರ್ಡು ನಕಲಿಯಾದರೆ ತಪ್ಪು ಯಾರದು?

ದಾವಣಗೆರೆಯ ವಿಜ್ಞಾನ ಮೇಷ್ಟ್ರೊಬ್ಬರ ಪತ್ರ: "ಮಕ್ಕಳ ಪ್ರಾಜೆಕ್ಟಿಗೆ ಆರ್ಡುಯಿನೋ ನ್ಯಾನೋ ಅನ್ನೋ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು ತರಿಸಿದೆ. ಉಷ್ಣತೆಯ ಅಂಕಿ ಬರಬೇಕಾದ ಕಡೆ 'ನಾನ್ ಜೆನ್ಯುಯಿನ್ ಡಿವೈಸ್ ಫೌಂಡ್' (ಅಸಲಿಯಲ್ಲದ ಸಾಧನ ಸಿಕ್ಕಿದೆ) ಅಂತ ಬರ್ತಿದೆ. ಅಂಗಡಿಯವರು 'ಎಲ್ಲಾ ಹೀಗೇ ಸಾರ್' ಅಂತಾರೆ. ದುಡ್ಡು ಕೊಟ್ಟ ನಾವೇ ಕಳ್ಳರಾ?"

ಖಂಡಿತ ಅಲ್ಲ ಮೇಷ್ಟ್ರೇ. ಆದರೆ ಕಳ್ಳತನ ನಡೆದಿರೋದು ನಿಜ.

ಆ ಬೋರ್ಡಿನ ಮೇಲೆ ಎಫ್‌ಟಿ232 ಅನ್ನೋ ಚಿಪ್ ಇದೆ. ಬೋರ್ಡಿಗೂ ಕಂಪ್ಯೂಟರಿಗೂ ಮಾತುಕತೆ ನಡೆಯೋದು ಅದರ ಮೂಲಕ. ಅಸಲಿ ಚಿಪ್ ಸ್ಕಾಟ್ಲೆಂಡಿನ ಎಫ್‌ಟಿಡಿಐ ಕಂಪನಿಯದು. ನಕಲಿ ಮಾಡಿದವರು ಒಳಗೆ ಬೇರೆಯದೇ ಚಿಪ್ ಇಟ್ಟು, ಮೇಲೆ ಎಫ್‌ಟಿಡಿಐ ಹೆಸರು ಹಾಕುತ್ತಾರೆ. ಕಂಪ್ಯೂಟರ್ ಕೇಳಿದರೂ ಆ ನಕಲಿ ಚಿಪ್ ಅದೇ ಕಂಪನಿಯ ಗುರುತು ಸಂಖ್ಯೆ ಹೇಳುತ್ತದೆ. ಯಾಕೆ? ಎಫ್‌ಟಿಡಿಐ ಖರ್ಚು ಮಾಡಿ ಬರೆಸಿದ ಡ್ರೈವರ್, ಅಂದರೆ ಚಿಪ್ ಜೊತೆ ಮಾತಾಡೋಕೆ ಕಂಪ್ಯೂಟರಿಗೆ ಬೇಕಾದ ತಂತ್ರಾಂಶ, ಪುಕ್ಕಟೆ ಸಿಗಲಿ ಅಂತ. ಹೊರಗಿಂದ ನೋಡಿದರೆ ಚಿಪ್ಪಿನ ನಕಲು, ಒಳಗೆ ತಂತ್ರಾಂಶದ ಕಳ್ಳತನ.

ಕಂಪನಿ ಇದಕ್ಕೆ ಕೊಟ್ಟ ಏಟು ಮಾತ್ರ ತಪ್ಪು ಬೆನ್ನಿಗೆ ಬಿತ್ತು. 2014ರ ಅಕ್ಟೋಬರ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಜೊತೆ ಬಂದ ಅವರ ಡ್ರೈವರ್, ನಕಲಿ ಚಿಪ್ಪಿನ ಗುರುತು ಸಂಖ್ಯೆಯನ್ನೇ ಸೊನ್ನೆ ಮಾಡಿಬಿಟ್ಟಿತು. ಆಮೇಲೆ ಆ ಚಿಪ್ ಬೇರೆ ಕಂಪ್ಯೂಟರಿಗೆ ಹಾಕಿದರೂ ಗುರುತು ಸಿಗದು. ಗಲಾಟೆಯಾಯಿತು, ಡ್ರೈವರ್ ವಾಪಸ್ ಹೋಯಿತು. ನಿಮ್ಮ ಪರದೆಯ ಸಾಲು 2016ರ ಹೊಸ ಉಪಾಯ. ಚಿಪ್ ಕೆಡೋದಿಲ್ಲ, ಮಾಹಿತಿ ಬದಲು ಬೈಗುಳ ಬರುತ್ತದೆ ಅಷ್ಟೇ. ನಕಲಿಗೆ ಡ್ರೈವರ್ ಕೊಡಲ್ಲ ಅನ್ನೋ ಹಕ್ಕು ಕಂಪನಿಗಿದೆ. ಗೊತ್ತಿಲ್ಲದೆ ಕೊಂಡವರ ವಸ್ತುವನ್ನು ಕೆಡಿಸೋ ಹಕ್ಕು ಇದೆ ಅಂತ ನಾನು ಒಪ್ಪಲ್ಲ. ಎಷ್ಟೋ ಸಲ ಬೋರ್ಡು ಮಾಡಿದವನಿಗೇ ಚಿಪ್ ನಕಲಿ ಅಂತ ಗೊತ್ತಿರೋದಿಲ್ಲ.

'ಎಲ್ಲಾ ಹೀಗೇ' ಅನ್ನೋ ಅಂಗಡಿಯವರ ಮಾತೂ ಸುಳ್ಳು. ಆರ್ಡುಯಿನೋ ನಕ್ಷೆ ಎಲ್ಲರಿಗೂ ಮುಕ್ತ. ಅದನ್ನು ನೋಡಿ ಬೋರ್ಡು ಮಾಡಿ ತಮ್ಮ ಹೆಸರಲ್ಲಿ ಮಾರೋಕೆ ಯಾರ ಅಪ್ಪಣೆಯೂ ಬೇಡ. 'ಆರ್ಡುಯಿನೋ' ಅನ್ನೋ ಹೆಸರು, ಲೋಗೋ ಮಾತ್ರ ಹಾಕುವಂತಿಲ್ಲ. ಸಿಎಚ್340 ಅನ್ನೋ ಚೀನಾ ಚಿಪ್ ಇರುವ ಬೋರ್ಡು ಕೇಳಿ. ಅಗ್ಗ, ಸ್ವಂತ ಹೆಸರು, ಸ್ವಂತ ಡ್ರೈವರ್. ಶಾಲೆಗೆ ಧಾರಾಳ ಸಾಕು. ಮುಜುಗರ ಬೇಡ, ಅದು ಕಳ್ಳಮಾಲಲ್ಲ.

ಈಗಿರೋ ಬೋರ್ಡುಗಳನ್ನು ವಿಂಡೋಸ್ ಬದಲು ಲಿನಕ್ಸ್ ಇರುವ ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿ ಎಫ್‌ಟಿಡಿಐನ ಈ ಡ್ರೈವರ್ ಇರಲ್ಲ, ಹಾಗಾಗಿ ಈ ಸಾಲೂ ಬರಲ್ಲ. ಮಕ್ಕಳ ಪ್ರಾಜೆಕ್ಟ್ ನಿಲ್ಲಬಾರದು ಅಲ್ವಾ? ಬಿಲ್ಲಿನಲ್ಲಿ 'ಒರಿಜಿನಲ್' ಅಂತಿದ್ದರೆ ಅಂಗಡಿಯವರನ್ನು ಸುಮ್ನೆ ಬಿಡಬೇಡಿ. ಸುಳ್ಳು ಟ್ರೇಡ್‌ಮಾರ್ಕಿನ ಮಾಲು ಮಾರಿದವರಿಗೆ 1999ರ ಕಾಯ್ದೆಯಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲಿದೆ. ಅಷ್ಟು ದೂರ ಹೋಗೋ ಮನಸ್ಸಿಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದೊಳಗಿನ ದೂರಿಗೆ ಶುಲ್ಕವಿಲ್ಲ. ಮೊದಲು ಲಿಖಿತವಾಗಿ ಹಣ ವಾಪಸ್ ಕೇಳಿ. ಬೋರ್ಡು, ಬಿಲ್ಲು, ಆ ಪರದೆಯ ಫೋಟೋ ಮೂರನ್ನೂ ಜೋಪಾನವಾಗಿಡಿ.

— ಸಂಪಾದಕ