ಏರ್‌ಬ್ಯಾಗ್ ಇದ್ದರೂ ಸೀಟ್ ಬೆಲ್ಟ್ ಯಾಕೆ ಬೇಕು?

ಬೇಕೇ ಬೇಕು. ಏರ್‌ಬ್ಯಾಗ್ ಬೆಲ್ಟಿನ ಬದಲಿಗಲ್ಲ, ಬೆಲ್ಟ್ ಹಾಕಿದವರಿಗೆ ನೆರವಾಗಲೆಂದೇ ಮಾಡಿದ್ದು.

ಕಾರು ಗುದ್ದಿ ನಿಂತರೂ ಒಳಗಿರುವ ನಿಮ್ಮ ಮೈ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ ಅಲ್ವಾ? ಅದನ್ನು ಸ್ಟೀರಿಂಗೋ ಗಾಜೋ ತಟ್ಟನೆ ತಡೆದರೆ ಪೆಟ್ಟು ಜೋರು. ಸ್ವಲ್ಪ ಜಾಸ್ತಿ ಹೊತ್ತು ತಗೊಂಡು ನಿಲ್ಲಿಸಿದರೆ ಪೆಟ್ಟು ಕಡಿಮೆ.

ಈ ಹೊತ್ತನ್ನು ಕೊಡುವುದು ಮೊದಲಿಗೆ ಬೆಲ್ಟ್. ಈಗಿನ ಕಾರುಗಳಲ್ಲಿ ಗುದ್ದಿದ ಕೂಡಲೇ ಪ್ರಿಟೆನ್ಷನರ್ ಅನ್ನೋ ಸಣ್ಣ ಸಾಧನ ಬೆಲ್ಟನ್ನು ಬಿಗಿಯಾಗಿ ಎಳೆದು ನಿಮ್ಮನ್ನು ಸೀಟಿಗೆ ಹಿಡಿದಿಡುತ್ತದೆ, ಆಮೇಲೆ ಎದೆ ಮೇಲೆ ಒತ್ತಡ ಜಾಸ್ತಿಯಾದರೆ ಬೆಲ್ಟ್ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ. ಅಷ್ಟರಲ್ಲಿ ನಿಮ್ಮ ಮುಂದಿರುವ ಏರ್‌ಬ್ಯಾಗಿನ ಚೀಲ ಉಬ್ಬಿರುತ್ತದೆ. ಉಬ್ಬೋಕೆ ಸುಮಾರು 30 ಮಿಲಿಸೆಕೆಂಡ್ ಸಾಕು, ಕಣ್ಣು ಮಿಟುಕಿಸೋಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು! ತಲೆ ತಾಗಿದಾಗ ಚೀಲದ ತೂತುಗಳಿಂದ ಅನಿಲ ಹೊರಹೋಗಿ ಅದು ಮೆತ್ತಗೆ ಕುಸಿಯುತ್ತದೆ.

ಬೆಲ್ಟ್ ಹಾಕದಿದ್ದರೆ, ಬ್ರೇಕ್ ಒತ್ತಿದಾಗಲೇ ನೀವು ಮುಂದಕ್ಕೆ ಜಾರಿರುತ್ತೀರಿ, ಇನ್ನೂ ಉಬ್ಬುತ್ತಿರುವ ಚೀಲ ಮುಖಕ್ಕೇ ಬಡಿಯುತ್ತದೆ. ಇದರಿಂದ ಜೀವವೇ ಹೋಗಬಹುದು.

ಇನ್ನೊಂದು ಮಾತು, ಬೆಲ್ಟಿನ ಕೆಳಗಿನ ಪಟ್ಟಿ ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲೆ ಕೂರಬೇಕು. ಎದೆಗೂ ಸ್ಟೀರಿಂಗಿಗೂ ನಡುವೆ ಕನಿಷ್ಠ 25 ಸೆಂ.ಮೀ. ಜಾಗ ಬಿಡಿ.